'ಓಡಿ' ಆದಾಗ ಓಡಬೇಡಿ: ಆಸ್ಪತ್ರೆ ದೂರವಿರುವ ಕಡೆ ಓಪಿಯಾಯ್ಡ್ ಓವರ್‌ಡೋಸ್ ಸಾವು ತಡೆಯುವುದು ಹೇಗೆ

ಇಂಜೆಕ್ಷನ್ ಡ್ರಗ್ ತೆಗೆದುಕೊಳ್ಳುವವರ ನಡುವೆ ಓವರ್‌ಡೋಸ್ ಎಂಬ ಉದ್ದ ಪದಕ್ಕೆ ಜಾಗವಿಲ್ಲ. 'ಓಡಿ' ಅನ್ನುತ್ತಾರೆ. 'ಅವನಿಗೆ ಓಡಿ ಆಗಿಬಿಡ್ತು.' ಮೊದಲ ಸಲ ಕೇಳಿದಾಗ ನನ್ನ ಕನ್ನಡದ ಕಿವಿಗೆ ಅದು 'ಓಡಿಹೋಗಿ' ಅಂದಂತೆ ಕೇಳಿಸಿತ್ತು. ಜೊತೆಯಲ್ಲಿದ್ದವರು ಎಷ್ಟೋ ಸಲ ಮಾಡುವುದೂ ಅದನ್ನೇ ಅಂತ ಆಮೇಲೆ ಗೊತ್ತಾಯಿತು. ಪೊಲೀಸ್ ಬಂದರೆ? ಕೇಸ್ ಆದರೆ? ಮನೆಯಲ್ಲಿ ಗೊತ್ತಾದರೆ? ಬಿದ್ದವನನ್ನು ಅಲ್ಲೇ ಬಿಟ್ಟು ಕಾಲು ಕೀಳುತ್ತಾರೆ. ಉಸಿರು ನಿಂತ ಮೇಲೆ ಬಿದ್ದವನ ಮೆದುಳಿಗೆ ಉಳಿದಿರುವುದು ನಾಲ್ಕೈದು ನಿಮಿಷ.

ಆ ನಾಲ್ಕೈದು ನಿಮಿಷದಲ್ಲಿ ಡಾಕ್ಟರ್ ಬರುವುದಿಲ್ಲ. ಆಂಬ್ಯುಲೆನ್ಸ್ ಕೂಡ ಬರುವುದಿಲ್ಲ, ಬೆಂಗಳೂರಿನ ನಡುಮಧ್ಯೆ ಆದರೂ ಅನುಮಾನವೇ. ಹತ್ತಿರ ಇರುವುದು ಜೊತೆಗೆ ಕೂತಿದ್ದವನು, ಪಕ್ಕದ ಕೋಣೆಯಲ್ಲಿದ್ದ ಅಮ್ಮ, ಲಾಡ್ಜಿನ ರೂಮ್ ಬಾಯ್. ಚಿಕಿತ್ಸೆ ಶುರುವಾಗಬೇಕಾದದ್ದು ಇವರ ಕೈಯಿಂದ. ಈ ಬರಹ ಅವರನ್ನು ತಯಾರು ಮಾಡುವ ಬಗ್ಗೆ. ಸಣ್ಣ ಸಂಸ್ಥೆಯವರು, ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದವರು, ಮನೆಯಲ್ಲಿ ಡ್ರಗ್ಸ್ ಬಳಸುವವರು ಇರುವ ಕುಟುಂಬದವರು ಓದಲಿ ಎಂದು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದರೆ ವಿಷಯ ಗೊತ್ತಾಗುತ್ತದೆ, ಕೈ ಪಳಗುವುದಿಲ್ಲ. ಬಲ್ಲವರ ಮುಂದೆ ಒಂದು ಸಲವಾದರೂ ಮಾಡಿ ನೋಡಿ.

ಆಗುವುದೇನು?

ಹೆರಾಯಿನ್, ಅಫೀಮು, ಮಾರ್ಫಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಟ್ಯಾಪೆಂಟಡಾಲ್, ಮೆಥಡೋನ್, ಬ್ಯುಪ್ರೆನಾರ್ಫಿನ್, ಫೆಂಟನಿಲ್. ಇವೆಲ್ಲ ಓಪಿಯಾಯ್ಡ್ ಮನೆತನದವು. ಗಾಂಜಾ ಈ ಮನೆತನದ್ದಲ್ಲ. ಹೆಂಡವೂ ಅಲ್ಲ, ನಿದ್ದೆ ಮಾತ್ರೆಯೂ ಅಲ್ಲ.

ನಮ್ಮ ಮೆದುಳಿನ ಬುಡದಲ್ಲಿ ಉಸಿರಾಟ ನೋಡಿಕೊಳ್ಳುವ ಜಾಗವೊಂದಿದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ 'ಉಸಿರು ಎಳ್ಕೋ' ಎಂದು ಎಚ್ಚರಿಸುವುದು ಅದರ ಕೆಲಸ. ನಿದ್ದೆಯಲ್ಲಿದ್ದಾಗಲೂ ಅದು ಎಚ್ಚರವಾಗಿರುತ್ತದೆ. ಓಪಿಯಾಯ್ಡ್ ಜಾಸ್ತಿಯಾದರೆ ಆ ಕಾವಲುಗಾರನೇ ತೂಕಡಿಸುತ್ತಾನೆ. ಉಸಿರು ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಹೃದಯ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತಿರುತ್ತದೆ. ನಮಗೆ ಸಿಗುವ ಅವಕಾಶ ಅದೇ. ಹೃದಯ ಬಡಿಯುತ್ತಿರುವಾಗಲೇ ಯಾರಾದರೂ ಉಸಿರು ಕೊಟ್ಟರೆ ಮನುಷ್ಯ ಉಳಿಯುತ್ತಾನೆ.

ನಾಲೊಕ್ಸೋನ್ ಎಂಬ ಔಷಧಿ ಮೆದುಳಿನಲ್ಲಿ ಓಪಿಯಾಯ್ಡ್ ಕೂತಿರುವ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ. ಬಸ್ಸಿನಲ್ಲಿ ಸೀಟು ಹಿಡಿದಂತೆ. ಉಸಿರು ಮತ್ತೆ ಶುರುವಾಗುತ್ತದೆ. ಇದು ಹೊಸ ಔಷಧಿಯೇನಲ್ಲ. ಅಮೆರಿಕದಲ್ಲಿ 1971ರಲ್ಲೇ ಒಪ್ಪಿಗೆ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 1983ರಿಂದ ಇದೆ. ಅದರಿಂದ ನಶೆ ಏರುವುದಿಲ್ಲ, ಚಟ ಹಿಡಿಯುವುದಿಲ್ಲ. ಮೈಯಲ್ಲಿ ಓಪಿಯಾಯ್ಡ್ ಇಲ್ಲದವರಿಗೆ ತಪ್ಪಿ ಕೊಟ್ಟರೂ ಹೆಚ್ಚುಕಡಿಮೆ ನೀರು ಕೊಟ್ಟ ಹಾಗೆ. ಇಷ್ಟು ವರ್ಷ ಅದು ಆಸ್ಪತ್ರೆಯ ಬೀರುವಿನಲ್ಲೇ ಬೀಗದೊಳಗೆ ಇತ್ತು ಅನ್ನುವುದೇ ಬೇಸರದ ಸಂಗತಿ. ಜನರ ಕೈಗೆ ಮೊದಲು ಹಂಚಲು ಶುರುಮಾಡಿದವರಲ್ಲಿ ಶಿಕಾಗೋದ ಒಂದು ಸಣ್ಣ ಗುಂಪು ಇತ್ತು, 1996ರ ಹೊತ್ತಿಗೆ. ವಿಶ್ವ ಆರೋಗ್ಯ ಸಂಸ್ಥೆ 'ಓವರ್‌ಡೋಸ್ ಕಣ್ಣಾರೆ ಕಾಣುವ ಸಾಧ್ಯತೆ ಇರುವ ಎಲ್ಲರಿಗೂ ಇದು ಸಿಗಬೇಕು' ಎಂದು ಮಾರ್ಗಸೂಚಿ ಬರೆದದ್ದು 2014ರಲ್ಲಿ.

ಮಣಿಪುರದ ಮಾತು ಯಾಕೆ?

ಭಾರತದಲ್ಲಿ ಈ ಕೆಲಸ ಅರ್ಥವಾಗಬೇಕಾದರೆ ಮಣಿಪುರ ನೋಡಬೇಕು. ಮ್ಯಾನ್ಮಾರ್ ಗಡಿ ಪಕ್ಕದಲ್ಲೇ ಇದೆ. 1980ರ ದಶಕದಲ್ಲಿ 'ನಂಬರ್ ಫೋರ್' ಎಂದು ಕರೆಯುವ ಬಿಳಿ ಹೆರಾಯಿನ್ ಇಂಫಾಲದ ಬೀದಿಗಳಿಗೆ ಬಂತು. ಅದರ ಹಿಂದೆಯೇ ಎಚ್‌ಐವಿ ಬಂತು, ಒಂದೇ ಸೂಜಿ ಹತ್ತು ಕೈ ಬದಲಾಯಿಸುತ್ತಿದ್ದ ಕಾಲ. ಹೆರಾಯಿನ್ ಸಿಗದ ದಿನ 'ಎಸ್‌ಪಿ' ಎಂಬ ನೋವಿನ ಕ್ಯಾಪ್ಸೂಲ್ ಒಡೆದು, ಪುಡಿಯನ್ನು ನೀರಲ್ಲಿ ಕಲಸಿ ನರಕ್ಕೆ ಚುಚ್ಚಿಕೊಳ್ಳುತ್ತಿದ್ದರು. ಅದು ಸರಿಯಾಗಿ ಕರಗುತ್ತಿರಲಿಲ್ಲ. ಕೈಕಾಲು ಕೊಳೆತವು. ಆ ಕ್ಯಾಪ್ಸೂಲಿನ ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಅನ್ನು ಕೇಂದ್ರ ಸರ್ಕಾರ 2013ರಲ್ಲಿ ನಿಷೇಧಿಸಿತು.

ಡ್ರಗ್ಸ್ ಬಿಟ್ಟವರೇ ಸೇರಿ 1991ರಲ್ಲಿ ಇಂಫಾಲದಲ್ಲಿ 'ಸಾಸೋ' ಎಂಬ ಸಂಸ್ಥೆ ಕಟ್ಟಿದರು. 1996ರಲ್ಲಿ ಮಣಿಪುರ ಸರ್ಕಾರ 'ಬಿಡಿಸಲಾಗದಿದ್ದರೆ ಹಾನಿಯನ್ನಾದರೂ ಕಡಿಮೆ ಮಾಡೋಣ' ಎಂಬ ನೀತಿಯನ್ನು ಕಾಗದದ ಮೇಲೆ ಒಪ್ಪಿಕೊಂಡಿತು. ಹೊಸ ಸೂಜಿ ಹಂಚುವುದು, ಹುಣ್ಣಿಗೆ ಮದ್ದು ಹಾಕುವುದು, ಓವರ್‌ಡೋಸ್ ಆದವರನ್ನು ಉಳಿಸುವುದು, ಇವೆಲ್ಲ ಅಲ್ಲಿ ಒಂದೇ ಕೈಚೀಲದ ಕೆಲಸಗಳಾದವು. ಸುಲಭವಾಗಿತ್ತು ಅಂತಲ್ಲ. ಬಳಸುವವರನ್ನು ಗುಂಪುಗಳೇ ಹಿಡಿದು ಹೊಡೆದ ಘಟನೆಗಳೂ ಅಲ್ಲಿ ನಡೆದಿವೆ. 2023ರ ಮೇ ತಿಂಗಳಲ್ಲಿ ಜನಾಂಗೀಯ ಗಲಭೆ ಶುರುವಾದ ನಂತರವಂತೂ ಗುಡ್ಡಕ್ಕೂ ಕಣಿವೆಗೂ ನಡುವಿನ ರಸ್ತೆ ಎಷ್ಟೋ ಜನರಿಗೆ ಮುಚ್ಚಿಹೋಯಿತು. ಗುಡ್ಡದ ಕಡೆಯ ಚುರಾಚಾಂದ್‌ಪುರದಲ್ಲಿ ಬಿದ್ದವನಿಗೆ ಇಂಫಾಲದ ದೊಡ್ಡಾಸ್ಪತ್ರೆ ಇದ್ದೂ ಇಲ್ಲದಂತೆ.

ಇದು ಈಶಾನ್ಯದ ತಲೆನೋವು, ನಮಗೇನು ಅನ್ನುವ ಹಾಗೂ ಇಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಒಂದಲ್ಲ ಒಂದು ಓಪಿಯಾಯ್ಡ್ ಬಳಸುತ್ತಾರೆ. ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಬೆಂಗಳೂರಿನಲ್ಲಿ ಟ್ಯಾಪೆಂಟಡಾಲ್ ಮಾತ್ರೆ ವಶಪಡಿಸಿಕೊಂಡ ಸುದ್ದಿ ಆಗಾಗ ಓದುತ್ತೇವೆ, ಅಲ್ವಾ? ಕುಟ್ಟಿ ಪುಡಿ ಮಾಡಿ ಚುಚ್ಚಿಕೊಳ್ಳುವ ಹುಡುಗರ ವಯಸ್ಸು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಮೊದಲ ಹೆಜ್ಜೆ: ಜಾಗ ಮತ್ತು ಜನ

ಒಂದು ಹಾಳೆ ತೆಗೆದುಕೊಳ್ಳಿ. ಊರಿನ ಅಥವಾ ವಾರ್ಡಿನ ನಕ್ಷೆ ಕೈಯಲ್ಲೇ ಬರೆಯಿರಿ. ಕಳೆದ ಎರಡು ವರ್ಷದಲ್ಲಿ ಯಾರು ಎಲ್ಲಿ ಬಿದ್ದರು, ಯಾರು ಸತ್ತರು ಅಂತ ಗುರುತು ಹಾಕಿ. ಈ ಮಾಹಿತಿ ಠಾಣೆಯಲ್ಲಿ ಸಿಗುವುದಿಲ್ಲ. ಅಲ್ಲಿ 'ಹೃದಯಾಘಾತ' ಅಥವಾ 'ಅಸ್ವಾಭಾವಿಕ ಸಾವು' ಎಂದಿರುತ್ತದೆ. ಬಳಸುವವರ ಬಾಯಲ್ಲಿ ಮಾತ್ರ ನಿಜವಾದ ಲೆಕ್ಕ ಇರುತ್ತದೆ. ಹಾಳು ಬಿದ್ದ ಕಟ್ಟಡ, ರೈಲ್ವೆ ಹಳಿ ಪಕ್ಕ, ಸುಲಭ ಶೌಚಾಲಯ, ಅಗ್ಗದ ಲಾಡ್ಜ್, ಸ್ಮಶಾನದ ಹಿಂಭಾಗ. ಗುರುತು ಹಾಕುತ್ತಾ ಹೋದರೆ ನಾಲ್ಕೈದು ಜಾಗಗಳೇ ಮತ್ತೆ ಮತ್ತೆ ಬರುತ್ತವೆ.

ಆ ಹಾಳೆಯನ್ನು ಯಾರಿಗೂ ಕೊಡಬೇಡಿ, ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಬೇಡಿ. ಅದು ಪೊಲೀಸರ ಕೈಗೆ ಹೋದ ದಿನ ನಿಮ್ಮ ಕೆಲಸ ಮುಗಿಯಿತು.

ಈಗ ಜನ. ತರಬೇತಿಗೆ ಮೊದಲು ಕರೆಯಬೇಕಾದವರು ಬಳಸುವವರೇ. ಓವರ್‌ಡೋಸ್ ಕಣ್ಣಾರೆ ಕಾಣುವವರು ಅವರು. 'ಅವರ ಕೈಗೆ ಸೂಜಿ ಕೊಟ್ಟು ಔಷಧಿ ಕೊಡ್ತೀರಾ?' ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ನನ್ನ ಉತ್ತರ ಒಂದೇ. ಸೂಜಿ ಹಿಡಿಯುವುದರಲ್ಲಿ ಅವರಷ್ಟು ಪಳಗಿದ ಕೈ ಈ ಕೋಣೆಯಲ್ಲಿ ಇನ್ಯಾರದ್ದಿದೆ? ಆಮೇಲೆ ಮನೆಯವರು, ಅದರಲ್ಲೂ ಅಮ್ಮ, ಹೆಂಡತಿ, ತಂಗಿ. ನಂತರ ಆಟೋದವರು, ಶೌಚಾಲಯ ನೋಡಿಕೊಳ್ಳುವವರು, ಲಾಡ್ಜಿನವರು.

ಕಜಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ಉಕ್ರೇನ್ ಈ ನಾಲ್ಕು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಡ್ರಗ್ಸ್ ಕಚೇರಿ ಸೇರಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದವು. 14 ಸಾವಿರಕ್ಕೂ ಹೆಚ್ಚು ಜನರಿಗೆ ಕಲಿಸಿದರು. ತರಬೇತಿಯ ನಂತರ ಓವರ್‌ಡೋಸ್ ಕಂಡವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ನಾಲೊಕ್ಸೋನ್ ಕೊಟ್ಟಿದ್ದರು. ಬಿದ್ದವರಲ್ಲಿ ಬಹುತೇಕ ಎಲ್ಲರೂ ಬದುಕಿದರು. ಅವೇನೂ ಶ್ರೀಮಂತ ದೇಶಗಳಲ್ಲ.

ಎರಡನೇ ಹೆಜ್ಜೆ: ಡಾಕ್ಟರ್, ಔಷಧಿ, ಡಬ್ಬಿ

ನಮ್ಮಲ್ಲಿ ನಾಲೊಕ್ಸೋನ್ ವೈದ್ಯರ ಚೀಟಿ ಬೇಕಾಗುವ ಔಷಧಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹೆಚ್ಚಿನವರು 'ಅದೇನು?' ಅನ್ನುತ್ತಾರೆ. ಆದ್ದರಿಂದ ಮೊದಲು ಮನಸ್ಸಿರುವ ಒಬ್ಬ ಡಾಕ್ಟರನ್ನು ಹುಡುಕಿ. ಎಚ್‌ಐವಿ ತಡೆ ಯೋಜನೆಗಳ ಜೊತೆ ಕೆಲಸ ಮಾಡುವ ವೈದ್ಯರು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ವೈದ್ಯರು. ಈ ಕೊನೆಯವರನ್ನು ಜನ ಮರೆಯುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ನಾಲೊಕ್ಸೋನ್ ಬಳಸಿ ಗೊತ್ತಿರುವವರು ಅವರೇ. ಯಾರಿಗೆ ಎಷ್ಟು ಕೊಡಬಹುದು, ಯಾರು ಇಟ್ಟುಕೊಳ್ಳಬಹುದು ಎಂಬುದನ್ನು ಅವರಿಂದ ಬರೆಸಿ, ಸಹಿ ಹಾಕಿಸಿಕೊಳ್ಳಿ.

ಹೊರದೇಶಗಳಲ್ಲಿ ಮೂಗಿಗೆ ಹೊಡೆಯುವ ಸ್ಪ್ರೇ ನೋಡಿರುತ್ತೀರಿ. ಸುಲಭ, ಆದರೆ ದುಬಾರಿ. ಬಡ ಕೈಗೆ ಎಟುಕುವುದು ಗಾಜಿನ ಆಂಪ್ಯೂಲ್, ಅಂದರೆ ಕತ್ತು ಮುರಿದು ತೆರೆಯುವ ಪುಟ್ಟ ಸೀಸೆ. 1 ಎಂಎಲ್, ಅದರಲ್ಲಿ 0.4 ಮಿಲಿಗ್ರಾಂ ಔಷಧಿ.

ಡಬ್ಬಿ ಹೀಗಿರಲಿ. ಮಕ್ಕಳ ಜಾಮಿಟ್ರಿ ಬಾಕ್ಸಿನಷ್ಟು ದೊಡ್ಡದು ಸಾಕು. ಒಳಗೆ ಆಂಪ್ಯೂಲ್ ಕನಿಷ್ಠ ಎರಡು, ಹತ್ತಿಯಲ್ಲಿ ಸುತ್ತಿ. 2 ಎಂಎಲ್ ಸಿರಿಂಜ್ ಎರಡು, ಒಂದು ಇಂಚಿನ ಅಥವಾ ಸ್ವಲ್ಪ ಉದ್ದದ ಸೂಜಿಯೊಂದಿಗೆ. ಇನ್ಸುಲಿನ್ ಸಿರಿಂಜ್ ಇಡಬೇಡಿ. ಅದರ ಸೂಜಿ ಗಿಡ್ಡ, ಸ್ನಾಯುವಿನವರೆಗೆ ಹೋಗುವುದಿಲ್ಲ. ಒಂದು ಜೊತೆ ಗ್ಲೌಸ್. ಬಾಯಿಗೆ ಬಾಯಿ ಇಡಲು ಹೇಸುವವರಿಗೆ ಪ್ಲಾಸ್ಟಿಕ್ ಮುಖಗವಸು ಅಥವಾ ತೆಳು ಕರ್ಚೀಫು. ಚಿತ್ರ ಇರುವ ಒಂದು ಕಾರ್ಡು, ಊರಿನ ಭಾಷೆಯಲ್ಲಿ. ಡಬ್ಬಿಯ ಮೇಲೆ ಔಷಧಿಯ ಎಕ್ಸ್‌ಪೈರಿ ತಿಂಗಳು ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ.

ಬಿಸಿಲಿಗೂ ಬೆಳಕಿಗೂ ಇದು ಹಾಳಾಗುತ್ತದೆ. ಆಟೋದ ಡ್ಯಾಶ್‌ಬೋರ್ಡ್ ಬೇಡ, ಬೈಕಿನ ಪೆಟ್ಟಿಗೆಯೂ ಬೇಡ. ಫ್ರಿಜ್ ಏನೂ ಬೇಕಾಗಿಲ್ಲ. ಮಣ್ಣಿನ ಹೂಜಿ ಇಡುವ ಮೂಲೆಯಂಥ ತಂಪು ಜಾಗ ಸಾಕು.

ಮೂರನೇ ಹೆಜ್ಜೆ: ಕಲಿಸುವುದು

ಎರಡು ಗಂಟೆ ಸಾಕು. ಅದಕ್ಕಿಂತ ಉದ್ದ ಎಳೆದರೆ ಜನ ಎದ್ದು ಹೋಗುತ್ತಾರೆ, ಅದರಲ್ಲೂ ಸಂಜೆಯ ಡೋಸಿನ ಹೊತ್ತು ಹತ್ತಿರ ಬಂದಿದ್ದರೆ. ಬೆಳಿಗ್ಗೆ ಇಟ್ಟುಕೊಳ್ಳಿ. ಹತ್ತು ಜನ, ಒಂದು ಚಾಪೆ, ಚಹಾ, ಬನ್ನು. ಸ್ಲೈಡು ಗೀಡು ಬೇಡ.

ಮೊದಲು ಕೇಳಿ: 'ನಿಮ್ಮಲ್ಲಿ ಯಾರ ಮುಂದೆ ಓಡಿ ಆಗಿದೆ? ಏನು ಮಾಡಿದ್ರಿ?' ಬರುವ ಉತ್ತರಗಳೇ ನಿಮ್ಮ ಪಾಠ. ಮುಖಕ್ಕೆ ನೀರು ಎರಚಿದೆವು. ಕೆನ್ನೆಗೆ ಬಾರಿಸಿದೆವು. ಅಂಗಾಲು ಉಜ್ಜಿದೆವು. ಮಜ್ಜಿಗೆ ಕುಡಿಸಿದೆವು, ನಿಂಬೆರಸ ಹಿಂಡಿದೆವು. ಈರುಳ್ಳಿ ಮೂಸಿಸಿದೆವು. ಕೈಗೆ ಬೀಗದ ಗೊಂಚಲು ಕೊಟ್ಟೆವು. ಉಪ್ಪು ನೀರು ಚುಚ್ಚಿದೆವು, ಇದು ಬೇರೆ ಬೇರೆ ದೇಶಗಳಲ್ಲೂ ಇರುವ ನಂಬಿಕೆ. ನಗಬೇಡಿ. ಪಾಪ, ಕೈಕಟ್ಟಿ ಕೂರಲಾರದೆ ಮಾಡಿದ್ದು. ಆದರೆ ಇವುಗಳಲ್ಲಿ ಒಂದೂ ಉಸಿರು ಕೊಡುವುದಿಲ್ಲ. ಎಚ್ಚರ ಇಲ್ಲದವನ ಬಾಯಿಗೆ ಮಜ್ಜಿಗೆ ಹೊಯ್ದರೆ ಅದು ಇಳಿಯುವುದು ಶ್ವಾಸಕೋಶಕ್ಕೆ.

*ಗುರುತು ಹಿಡಿಯುವುದು.* ನಶೆಯಲ್ಲಿ ತೂಗುತ್ತಿರುವವನಿಗೂ ಸಾಯುತ್ತಿರುವವನಿಗೂ ವ್ಯತ್ಯಾಸ ಗೊತ್ತಿರಬೇಕು. ನಶೆಯಲ್ಲಿರುವವನು ಹೆಸರು ಕೂಗಿದರೆ 'ಹ್ಞಾಂ' ಅನ್ನುತ್ತಾನೆ, ಕಣ್ಣು ಅರ್ಧ ತೆರೆಯುತ್ತಾನೆ. ಓವರ್‌ಡೋಸ್ ಆದವನು ಏನು ಮಾಡಿದರೂ ಏಳುವುದಿಲ್ಲ. ಬೆರಳ ಗೆಣ್ಣಿನಿಂದ ಎದೆಯ ನಡುಮೂಳೆಯನ್ನು ಗಟ್ಟಿಯಾಗಿ ಉಜ್ಜಿ. ಇದು ಚೆನ್ನಾಗಿ ನೋಯುತ್ತದೆ, ನಿಮ್ಮ ಮೇಲೆ ನೀವೇ ಮಾಡಿ ನೋಡಿಕೊಳ್ಳಿ. ಅದಕ್ಕೂ ಅಲುಗದಿದ್ದರೆ ಹೆದರಬೇಕು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣದಾಗಿರುತ್ತದೆ. ತುಟಿ, ಉಗುರು ಬಣ್ಣಗೆಡುತ್ತವೆ. ಪುಸ್ತಕದಲ್ಲಿ 'ನೀಲಿ' ಎಂದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಬೂದಿ ಬಳಿದ ಹಾಗೆ ಕಾಣುತ್ತದೆ. ಕೆಳತುಟಿಯನ್ನು ಮಗುಚಿ ಒಳಗಡೆ ನೋಡಿ.

ಎಲ್ಲಕ್ಕಿಂತ ಮುಖ್ಯ ಉಸಿರು. ನಿಮ್ಮ ಕೆನ್ನೆಯನ್ನು ಅವನ ಮೂಗಿನ ಹತ್ತಿರ ಇಟ್ಟು, ಕಣ್ಣು ಅವನ ಎದೆಯ ಮೇಲಿಟ್ಟು ಹತ್ತರವರೆಗೆ ಎಣಿಸಿ. ಆ ಹತ್ತು ಸೆಕೆಂಡಿನಲ್ಲಿ ಉಸಿರೇ ಬಾರದಿದ್ದರೆ ಅಥವಾ ಒಂದೇ ಒಂದು ಬಂದರೆ ಕಾಯಬೇಡಿ.

ಗೊರಕೆಯ ಬಗ್ಗೆ ಒಂದು ಮಾತು. ಗಂಟಲಿನಲ್ಲಿ ನೀರು ಗುಳುಗುಳು ಅಂದಂಥ, ಎಳೆದೆಳೆದು ಬರುವ ಗೊರಕೆ ನಿದ್ದೆಯದ್ದಲ್ಲ. ನಾಲಿಗೆ ಹಿಂದೆ ಬಿದ್ದು ದಾರಿ ಮುಚ್ಚುತ್ತಿರುವ ಸದ್ದು. 'ಗೊರಕೆ ಹೊಡೀತಿದ್ದ, ಮಲಗ್ಲಿ ಅಂತ ಬಿಟ್ವಿ, ಬೆಳಿಗ್ಗೆ ನೋಡಿದ್ರೆ ತಣ್ಣಗಾಗಿದ್ದ.' ಈ ಮಾತನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಅಕ್ಷರ ಬದಲಾಗದಂತೆ ಕೇಳಿದ್ದೇನೆ. ಹೆರಾಯಿನ್ ಸಾವು ಎಷ್ಟೋ ಸಲ ಸೂಜಿ ಹೊರಗೆ ಬಂದ ಕ್ಷಣದಲ್ಲಿ ಆಗುವುದಿಲ್ಲ. ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತೆಲ್ಲ ಮನೆಯವರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿರುತ್ತಾರೆ.

*ಕೂಗಿ, ಕರೆಯಿರಿ.* 108 ಅಥವಾ 112ಕ್ಕೆ ಫೋನ್. ಹೇಳಬೇಕಾದದ್ದು ಇಷ್ಟೇ: 'ಒಬ್ಬರಿಗೆ ಎಚ್ಚರ ಇಲ್ಲ, ಉಸಿರು ನಿಂತಿದೆ. ಜಾಗ ಇದು.' ಫೋನಿನಲ್ಲಿ ಡ್ರಗ್ಸ್ ಎಂಬ ಮಾತು ಎತ್ತಲೇಬೇಕು ಅಂತಿಲ್ಲ. ಆಂಬ್ಯುಲೆನ್ಸಿನವರಿಗೂ ಡಾಕ್ಟರಿಗೂ ಮಾತ್ರ ಏನು ತೆಗೆದುಕೊಂಡ, ನಾವೇನು ಕೊಟ್ಟೆವು ಅನ್ನುವುದನ್ನು ಮುಚ್ಚಿಡಬೇಡಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಕೈ ಕೆಲಸಕ್ಕೆ ಬಿಡುವಾಗುತ್ತದೆ.

*ಉಸಿರು ಕೊಡಿ.* ಮಲಗಿಸಿ, ಬಾಯೊಳಗೆ ವಾಂತಿ, ಗುಟ್ಕಾ ಏನಾದರೂ ಕಂಡರೆ ತೆಗೆಯಿರಿ. ಒಂದು ಕೈ ಹಣೆಯ ಮೇಲೆ, ಇನ್ನೊಂದು ಗಲ್ಲದ ಕೆಳಗೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ. ಕೆಲವೊಮ್ಮೆ ಇಷ್ಟಕ್ಕೇ ದಾರಿ ಬಿಟ್ಟುಕೊಂಡು ಉಸಿರು ಬಂದುಬಿಡುತ್ತದೆ. ಬರದಿದ್ದರೆ ಮೂಗು ಒತ್ತಿ ಹಿಡಿದು, ಬಾಯಿಗೆ ಬಾಯಿ ಕೂಡಿಸಿ ಊದಿ. ಎದೆ ಮೇಲೇಳಬೇಕು. ಹೊಟ್ಟೆ ಉಬ್ಬಿದರೆ ತಲೆ ಸರಿಯಾಗಿ ಬಾಗಿಲ್ಲ ಎಂದರ್ಥ. ಐದು ಸೆಕೆಂಡಿಗೆ ಒಂದು ಉಸಿರು. ನಮ್ಮ ತರಬೇತಿಯಲ್ಲಿ ಎಲ್ಲರೂ ಸೇರಿ ಜೋರಾಗಿ ಎಣಿಸುತ್ತೇವೆ: 'ಒಂದು, ಎರಡು, ಮೂರು, ನಾಲ್ಕು, ಊದು.' ಹತ್ತು ನಿಮಿಷ ಇದೇ ಮಾಡಿಸಿದರೆ ಮನೆಗೆ ಹೋಗುವಾಗಲೂ ಬಾಯಲ್ಲಿ ಅದೇ ಇರುತ್ತದೆ. ನಾಡಿ ಸಿಗದಿದ್ದರೆ, ಎದೆ ಒತ್ತುವುದು ಕಲಿತಿದ್ದರೆ, 30 ಸಲ ಎದೆ ಒತ್ತಿ 2 ಉಸಿರು ಕೊಡುವ ಕ್ರಮಕ್ಕೆ ಹೋಗಿ.

ನನ್ನ ಅಭಿಪ್ರಾಯದಲ್ಲಿ ಇಡೀ ತರಬೇತಿಯ ಜೀವ ಇದೇ. ಔಷಧಿ ಕೈಯಲ್ಲಿದ್ದರೂ ಉಸಿರೇ ಮೊದಲು. ಔಷಧಿ ಇಲ್ಲದ ಊರಿನಲ್ಲಿ, ಔಷಧಿ ಮುಗಿದ ತಿಂಗಳಲ್ಲಿ, ಉಸಿರೊಂದೇ ಮದ್ದು. ಅದಕ್ಕೆ ಚೀಟಿ ಬೇಡ, ಕಾಸೂ ಬೇಡ.

*ನಾಲೊಕ್ಸೋನ್.* ಆಂಪ್ಯೂಲ್ ಒಡೆಯುವುದು ಚಿಕ್ಕ ಕೆಲಸ ಅನ್ನಿಸುತ್ತದೆ. ನಾನು ಮೊದಲ ಸಲ ಒಡೆದಾಗ ಗಾಜು ಹೆಬ್ಬೆರಳಿಗೆ ಹೊಕ್ಕಿತ್ತು, ಅರ್ಧ ಔಷಧಿ ಸೀರೆಯ ಮೇಲೆ. ಕೈ ನಡುಗುವಾಗ ಹೀಗಾಗುತ್ತದೆ. ಆದ್ದರಿಂದ ಖಾಲಿ ಆಂಪ್ಯೂಲುಗಳನ್ನಲ್ಲ, ನೀರು ತುಂಬಿದ ಅಗ್ಗದ ಆಂಪ್ಯೂಲುಗಳನ್ನು ತಂದು ಪ್ರತಿಯೊಬ್ಬರ ಕೈಯಲ್ಲೂ ಒಡೆಸಿ. ಮೊದಲು ಕತ್ತಿನ ಮೇಲ್ಭಾಗವನ್ನು ಬೆರಳಿನಿಂದ ತಟ್ಟಿ, ಔಷಧಿ ಪೂರ್ತಿ ಕೆಳಗಿಳಿಯಲಿ. ಕತ್ತಿನಲ್ಲಿ ಚುಕ್ಕಿ ಇದ್ದರೆ ಅದು ನಿಮ್ಮ ಕಡೆ ಇರಲಿ. ಬಟ್ಟೆ ಸುತ್ತಿ, ಚುಕ್ಕಿಯಿಂದ ಆಚೆಗೆ, ಅಂದರೆ ನಿಮ್ಮಿಂದ ದೂರಕ್ಕೆ, 'ಟಕ್' ಎಂದು ಮುರಿಯಿರಿ.

ಪೂರ್ತಿ 1 ಎಂಎಲ್ ಎಳೆದುಕೊಳ್ಳಿ. ತೊಡೆಯ ಹೊರಬದಿಯ ನಡುಭಾಗಕ್ಕೆ ನೇರವಾಗಿ ಚುಚ್ಚಿ. ತೋಳಿನ ಮೇಲ್ಭಾಗವೂ ಆಗುತ್ತದೆ. ಪ್ಯಾಂಟಿನ ಮೇಲೆಯೇ ಚುಚ್ಚಬಹುದು, ಬಿಚ್ಚುತ್ತಾ ಕೂರಬೇಡಿ. ನರ ಹುಡುಕುವುದಂತೂ ಬೇಡವೇ ಬೇಡ. ಬಳಸುವವರಿಗೆ ಇದನ್ನು ಎರಡು ಸಲ ಹೇಳಿ, ಅವರ ಕೈ ಅಭ್ಯಾಸಬಲದಿಂದ ನರದ ಕಡೆಗೇ ಹೋಗುತ್ತದೆ. ಚುಚ್ಚುವುದನ್ನು ಕಲಿಸಲು ಕಿತ್ತಳೆ ಬಳಸುತ್ತಾರೆ. ಕಿತ್ತಳೆ ಕಾಲವಲ್ಲದಾಗ ನಾವು ಮೋಸಂಬಿ ತರುತ್ತೇವೆ. ಒಂದು ಸಲ ಒಬ್ಬ ತಾಯಿ ಹಣ್ಣು ಹಿಡಿದು ಬಹಳ ಹೊತ್ತು ಸುಮ್ನೆ ಕೂತಿದ್ದರು. ಸೂಜಿ ಕಂಡರೆ ಆಗುವುದಿಲ್ಲ ಅಂದರು, ಮಗನ ಕೋಣೆಯಲ್ಲಿ ಸಿಕ್ಕಿದ ಸೂಜಿಗಳನ್ನೆಲ್ಲ ಮುರಿದು ಹಾಕುತ್ತಿದ್ದರಂತೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಏಳು ಸಲ ಚುಚ್ಚಿದರು. ಅವತ್ತಿನ ತರಗತಿಯಲ್ಲಿ ಅವರದೇ ಚೊಕ್ಕ ಕೈ.

ಚುಚ್ಚಿದ ಮೇಲೆ ಮತ್ತೆ ಊದಲು ಶುರು. ಎರಡು ಮೂರು ನಿಮಿಷದಲ್ಲಿ ಉಸಿರು ಬರಬೇಕು. ಬಾರದಿದ್ದರೆ ಎರಡನೇ ಆಂಪ್ಯೂಲ್. ಅದಕ್ಕೂ ಏಳದಿದ್ದರೆ ಊದುವುದನ್ನು ನಿಲ್ಲಿಸದೆ ಆಸ್ಪತ್ರೆಗೆ ಹೊರಡಿ. ನಿದ್ದೆ ಮಾತ್ರೆ, ಹೆಂಡ ಸೇರಿರಬಹುದು. ಬ್ಯುಪ್ರೆನಾರ್ಫಿನ್ ಆಗಿದ್ದರೆ ಅದು ಸೀಟು ಬಿಟ್ಟುಕೊಡಲು ಹಟ ಮಾಡುತ್ತದೆ, ಔಷಧಿ ಜಾಸ್ತಿ ಬೇಕಾಗಬಹುದು. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಕೂಡ ಬರುತ್ತದೆ, ನಾಲೊಕ್ಸೋನ್ ಅದನ್ನು ತಡೆಯುವುದಿಲ್ಲ. ಅಲ್ಲಿ ಆಸ್ಪತ್ರೆ ಬೇಕೇ ಬೇಕು.

ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡಿ, ಕೈಗೆ ಚುಚ್ಚಿಕೊಳ್ಳುವುದು ಆಗಲೇ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರ ಹಾಕಿ. ಹಾರ್ಪಿಕ್ ಖಾಲಿ ಬಾಟಲಿ ಚೆನ್ನಾಗಿ ಒದಗುತ್ತದೆ.

ಎದ್ದ ಮೇಲೆ

ಎದ್ದವನು ಕೈಮುಗಿಯುತ್ತಾನೆ ಎಂದುಕೊಳ್ಳಬೇಡಿ. ಬೈಯುತ್ತಾನೆ. ನಶೆ ಒಮ್ಮೆಲೇ ಇಳಿದಿರುತ್ತದೆ. ಮೈಕೈ ನೋವು, ವಾಂತಿ, ನಡುಕ. 'ನನ್ನ ಮಾಲು ಹಾಳು ಮಾಡಿದ್ರಿ' ಎಂದು ಕೂಗಾಡಿದವರೂ ಇದ್ದಾರೆ. ಜಗಳಕ್ಕೆ ಹೋಗದೆ ನಿಧಾನವಾಗಿ ಹೇಳಿ: 'ನಿನಗೆ ಉಸಿರು ನಿಂತಿತ್ತು. ಔಷಧಿ ಕೊಟ್ಟಿದ್ದೀವಿ. ಸ್ವಲ್ಪ ಹೊತ್ತಲ್ಲಿ ಈ ಕಷ್ಟ ಕಡಿಮೆಯಾಗುತ್ತೆ.'

ಇಲ್ಲೇ ಎರಡನೇ ಸಾವಿನ ಗುಂಡಿ ಇರುವುದು. ನಾಲೊಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ. ಹೆರಾಯಿನ್ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರಬಹುದು, ಮೆಥಡೋನ್ ಇನ್ನೂ ಎಷ್ಟೋ ಹೆಚ್ಚು. ನಾಲೊಕ್ಸೋನ್ ಎದ್ದುಹೋದ ಸೀಟಿಗೆ ಓಪಿಯಾಯ್ಡ್ ಮತ್ತೆ ಬಂದು ಕೂರುತ್ತದೆ. ಮೈನೋವು ತಾಳಲಾರದೆ ಅವನು ಮತ್ತೊಮ್ಮೆ ಚುಚ್ಚಿಕೊಂಡರಂತೂ ಎರಡೂ ಸೇರಿಕೊಳ್ಳುತ್ತವೆ. ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಕನಿಷ್ಠ ಎರಡು ಗಂಟೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಕಣ್ಣು ಮುಚ್ಚಿದರೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಕೈ ಕೆನ್ನೆಯ ಕೆಳಗೆ ಬರುವಂತೆ ಮಲಗಿಸಿ. ವಾಂತಿಯಾದರೆ ಹೊರಗೆ ಹರಿಯುತ್ತದೆ. ಅಂಗಾತ ಮಾತ್ರ ಬೇಡ.

ಅಪಾಯ ಜಾಸ್ತಿ ಇರುವ ದಿನಗಳು

ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಸುಲಭ. ಅದಕ್ಕೆ ಯಾರು, ಯಾವಾಗ ಬೀಳುತ್ತಾರೆ ಎಂಬುದು ಗೊತ್ತಿರಬೇಕು. ಒಂದು ಪ್ರಶ್ನೆ ಕೇಳುತ್ತೇನೆ. ದಿನಾ ಚುಚ್ಚಿಕೊಳ್ಳುವವನಿಗೆ ಅಪಾಯ ಜಾಸ್ತಿಯೋ, ಮೂರು ತಿಂಗಳು ಬಿಟ್ಟು ಬಂದವನಿಗೋ? ತರಬೇತಿಯಲ್ಲಿ ಮನೆಯವರು ಯಾವಾಗಲೂ ಮೊದಲನೆಯದನ್ನೇ ಹೇಳುತ್ತಾರೆ.

ಎರಡನೆಯವನಿಗೆ ಜಾಸ್ತಿ. ದಿನಾ ತೆಗೆದುಕೊಳ್ಳುವ ಮೈ ಅದಕ್ಕೆ ಒಗ್ಗಿರುತ್ತದೆ. ಜೈಲು, ವ್ಯಸನಮುಕ್ತಿ ಕೇಂದ್ರ, ಆಸ್ಪತ್ರೆ, ಊರಿಗೆ ಹೋಗಿ ಒಂದು ತಿಂಗಳು, ಎಲ್ಲಿದ್ದರೂ ಆ ಒಗ್ಗಿಕೆ ಬೇಗ ಹೋಗುತ್ತದೆ. ಹಳೆಯ ಅಳತೆ ಮಾತ್ರ ಕೈಗೆ ನೆನಪಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹೊರಬಂದ ಮೊದಲ ಎರಡು ವಾರದಲ್ಲಿ ಅವರು ಓವರ್‌ಡೋಸಿನಿಂದ ಸಾಯುವ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಸಂಖ್ಯೆ ತಪ್ಪಿ ಬರೆದಿಲ್ಲ.

ಆದ್ದರಿಂದ ಜೈಲಿನ ಗೇಟು ಮತ್ತು ಕೇಂದ್ರದ ಗೇಟು ನಿಮ್ಮ ನಕ್ಷೆಯ ಮೇಲೆ ಕೆಂಪು ಚುಕ್ಕಿಗಳಾಗಬೇಕು. ಮಗ ಮನೆಗೆ ಬರುವ ದಿನ ಪಾಯಸದ ಜೊತೆ ಡಬ್ಬಿಯೂ ತಯಾರಿರಲಿ. 'ಅವನು ಬಿಟ್ಟಿದ್ದಾನೆ, ಈಗ್ಯಾಕೆ ಇದೆಲ್ಲ ಅಪಶಕುನ?' ಅನ್ನುವ ಅಪ್ಪಂದಿರು ಇರುತ್ತಾರೆ. ಮನೆಯಲ್ಲಿ ಗ್ಯಾಸ್ ಸೋರದಿದ್ದರೂ ರೆಗ್ಯುಲೇಟರ್ ಬಂದ್ ಮಾಡಿ ಮಲಗುತ್ತೀರಲ್ಲ ಎಂದು ಹೇಳಿ ನೋಡಿ. ನನಗೆ ಅದು ಕೆಲಸಕ್ಕೆ ಬಂದಿದೆ.

ಬಳಸುವವರಿಗೆ ಹೇಳಬೇಕಾದವು ಕೆಲವೇ. ಒಬ್ಬನೇ ಬಾಗಿಲು ಹಾಕಿಕೊಂಡು ತೆಗೆದುಕೊಳ್ಳಬೇಡ. ಹೆಂಡ, ನಿದ್ದೆ ಮಾತ್ರೆ ಜೊತೆ ಸೇರಿಸಬೇಡ. ಗ್ಯಾಪ್ ಆಗಿದ್ದರೆ, ಮಾಲು ಹೊಸಬನದ್ದಾಗಿದ್ದರೆ, ಜ್ವರ ಅಥವಾ ಎದೆಯ ಕಾಯಿಲೆ ಇದ್ದರೆ ಮೊದಲು ಸ್ವಲ್ಪವೇ ನೋಡು. ಬಿಡಬೇಕು ಅನ್ನಿಸಿದರೆ ಒಎಸ್‌ಟಿ ಕೇಂದ್ರಕ್ಕೆ ಬಾ. ಒಎಸ್‌ಟಿ ಅಂದರೆ ದಿನಾ ನಾಲಿಗೆಯ ಕೆಳಗೆ ಬ್ಯುಪ್ರೆನಾರ್ಫಿನ್ ಮಾತ್ರೆ ಇಟ್ಟು, ಸಿಬ್ಬಂದಿ ಎದುರಿಗೇ ಕರಗಿಸುವ ಚಿಕಿತ್ಸೆ. ಏಡ್ಸ್ ತಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಕೋ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ, ಸಂಸ್ಥೆಗಳಲ್ಲಿ ಉಚಿತವಾಗಿ ನಡೆಸುತ್ತದೆ. ಈ ಚಿಕಿತ್ಸೆಯಲ್ಲಿ ಇರುವಷ್ಟು ದಿನ ಓವರ್‌ಡೋಸ್ ಸಾವು ಬಹಳ ಕಡಿಮೆ. ಬರೀ ಬಂದ್ ಮಾಡಿಸಿ ಮನೆಗೆ ಕಳಿಸುವ ಕೇಂದ್ರಗಳಿಗಿಂತ ಇದನ್ನು ನಾನು ನಂಬುತ್ತೇನೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಫೋನಿನಲ್ಲಿ ಮಾತಾಡಬೇಕೆಂದರೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ.

ಪೊಲೀಸ್ ಮತ್ತು ಆಸ್ಪತ್ರೆ

ಸಿಹಿ ಮಾತು ಹೇಳಿ ಜನರನ್ನು ಸಿಕ್ಕಿಸಬಾರದು. ಮಾದಕ ವಸ್ತುಗಳ ಬಗೆಗಿನ ನಮ್ಮ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಲ್ಲಿ ಡ್ರಗ್ಸ್ ಸೇವಿಸುವುದೂ ಅಪರಾಧ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಸಿಗುವ ರಕ್ಷಣೆ ಇಲ್ಲಿ ಸಿಗುವುದಿಲ್ಲ. ತಾನಾಗಿ ಚಿಕಿತ್ಸೆಗೆ ಬರುವವರಿಗೆ 64ಎ ಕಲಮಿನಲ್ಲಿ ಒಂದಿಷ್ಟು ವಿನಾಯಿತಿ ಇದೆ. ಆಸ್ಪತ್ರೆಯ ವಿಷಯದಲ್ಲಿ 1989ರ ಪರಮಾನಂದ ಕಟಾರಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ನಿಮ್ಮ ಬೆನ್ನಿಗಿದೆ. ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದ ಆಮೇಲೆ. 'ಮೆಡಿಕೋ ಲೀಗಲ್ ಕೇಸು, ನಮ್ಮಲ್ಲಿ ಆಗಲ್ಲ' ಎಂದು ಗೇಟಿನಲ್ಲೇ ಹೇಳುವವರಿಗೆ ಈ ಹೆಸರು ಹೇಳಿ. ನಮ್ಮನ್ನು ಒಂದು ಆಸ್ಪತ್ರೆಯವರು ಹಾಗೆ ನಿಲ್ಲಿಸಿದ್ದರು. ತೀರ್ಪಿನ ಒಂದು ಪುಟ ಝೆರಾಕ್ಸ್ ಅಂದಿನಿಂದ ನನ್ನ ಚೀಲದಲ್ಲೇ ಇದೆ.

ಠಾಣೆಯ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ, ಘಟನೆ ಆದ ಮೇಲಲ್ಲ. ಇನ್‌ಸ್ಪೆಕ್ಟರಿಗೆ ಡಬ್ಬಿ ತೋರಿಸಿ, ಡಾಕ್ಟರ ಸಹಿ ಇರುವ ಪತ್ರದ ಪ್ರತಿ ಕೊಡಿ. ಹಾಗೆ ಮಾಡದಿದ್ದರೆ ಡಬ್ಬಿಯಲ್ಲಿ ಸಿರಿಂಜ್ ಕಂಡ ಕೂಡಲೇ ನಿಮ್ಮ ಹುಡುಗನನ್ನು ಎಳೆದುಕೊಂಡು ಹೋಗುತ್ತಾರೆ. ಇನ್‌ಸ್ಪೆಕ್ಟರ್ ಬದಲಾದಾಗಲೆಲ್ಲ ಈ ಕೆಲಸ ಮೊದಲಿಂದ. ಬೇರೆ ದಾರಿಯಿಲ್ಲ.

ಪುಸ್ತಕ ಇಡುವುದು

ಇನ್ನೂರು ಪುಟದ ನೋಟ್‌ಬುಕ್ ಸಾಕು. ಹೆಸರು ಬೇಡ, ನೀವೇ ಕೊಟ್ಟ ಒಂದು ಸಂಖ್ಯೆ ಇರಲಿ. ಯಾವ ದಿನ ಡಬ್ಬಿ ಕೊಟ್ಟಿರಿ, ಎಕ್ಸ್‌ಪೈರಿ ಯಾವಾಗ, ಬಳಸಿದರೆ ಎಲ್ಲಿ, ಎಷ್ಟು ಆಂಪ್ಯೂಲ್, ಬದುಕಿದನೇ. ಇಷ್ಟೇ.

ಮೊದಲು ಹೇಳಿದ ಆ ನಾಲ್ಕು ದೇಶಗಳ ಯೋಜನೆಯವರು ಮೂರು ಗುರಿ ಇಟ್ಟುಕೊಂಡಿದ್ದರು. ಬೇಕಾದವರಲ್ಲಿ ನೂರಕ್ಕೆ 90 ಜನರಿಗೆ ಕಲಿಸುವುದು, ಕಲಿತವರಲ್ಲಿ 90 ಜನರಿಗೆ ಡಬ್ಬಿ ಕೊಡುವುದು, ಡಬ್ಬಿ ಇರುವವರಲ್ಲಿ 90 ಜನ ಅದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು. ಮೊದಲೆರಡು ನಮ್ಮ ಕೈಯಲ್ಲಿವೆ. ಕೈಕೊಡುವುದು ಮೂರನೆಯದು. ಡಬ್ಬಿ ಗೋದ್ರೇಜ್ ಬೀರುವಿನಲ್ಲಿ ಭದ್ರ, ಬೀಗದ ಕೈ ಅಪ್ಪನ ಜೇಬಿನಲ್ಲಿ, ಅಪ್ಪ ಮದುವೆಗೆ ಹೋಗಿದ್ದಾರೆ. ಮನೆಗಳಿಗೆ ಹೋದಾಗ ನಾನು 'ಡಬ್ಬಿ ಇದೆಯಾ?' ಎಂದು ಕೇಳುವುದಿಲ್ಲ. 'ತಗೊಂಡು ಬನ್ನಿ' ಅಂದು ಕೈಗಡಿಯಾರ ನೋಡುತ್ತೇನೆ. ಒಂದು ನಿಮಿಷ ದಾಟಿದರೆ ಜಾಗ ಬದಲಿಸುತ್ತೇವೆ, ದೇವರ ಗೂಡಿನ ಪಕ್ಕ, ಟಿವಿ ಮೇಲೆ, ಬಾಗಿಲ ಹಿಂದಿನ ಮೊಳೆಗೆ ಚೀಲ ಕಟ್ಟಿ.

ಡಬ್ಬಿ ಬಳಸಿ ಬಂದವನಿಗೆ ಅದೇ ದಿನ ಹೊಸದು ಕೊಡಿ, ಪ್ರಶ್ನೆ ಆಮೇಲೆ. ಉಳಿಸಿದ್ದರೂ ಉಳಿಸಲಾಗದಿದ್ದರೂ ಅವನನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳಿ. ಗೆಳೆಯನ ಬಾಯಿಗೆ ಬಾಯಿಟ್ಟು ಊದಿದವನ ಕೈ ಮೂರು ದಿನವಾದರೂ ನಡುಗುತ್ತಿರುತ್ತದೆ. ಚಹಾ ತರಿಸಿ. ಅವನಾಗಿ ಮಾತು ತೆಗೆಯುವವರೆಗೆ ಪುಸ್ತಕ ತೆರೆಯಬೇಡಿ.